ತಾಲೂಕು ಯುವ ಘಟಕದ ಅಧ್ಯಕ್ಷರನ್ನು ಯಾರು ಆರಿಸಬೇಕು?

ಕಾಳಿ ದಂಡೆ, ಕಾರವಾರ

ಜಿಲ್ಲೆಯ ಎಲ್ಲ ತಾಲೂಕುಗಳ ಗೆಳೆಯರಿಗೆ ನಮಸ್ಕಾರ. ನಾನು ಒಂದು ರಾಜ್ಯ ಪಕ್ಷದ ಯುವ ಘಟಕದಲ್ಲಿ ಆರು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಪಕ್ಷದ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಹೆಸರು ಬಂದ ಕೂಡಲೇ ಮಾತು ನಾಯಕರ ಕಡೆಗೆ ಹೊರಳುತ್ತದೆ, ಹೇಳಬೇಕಾದದ್ದು ಅಲ್ಲಿಗೇ ನಿಂತುಹೋಗುತ್ತದೆ. ಬೇರೆ ಪಕ್ಷಗಳ ಯುವ ಘಟಕಗಳಲ್ಲಿ ದುಡಿಯುವವರನ್ನು ಕೇಳಿದಾಗಲೂ ನನಗೆ ಸಿಕ್ಕಿದ್ದು ಹೆಚ್ಚುಕಡಿಮೆ ಇದೇ ಅನುಭವ.

ನನಗೀಗ 33 ವರ್ಷ. ನಮ್ಮ ಘಟಕದ ವಯೋಮಿತಿ 35. ಹೊರಗೆ ಹೋಗುವ ಮೊದಲು ಒಂದು ಕೆಲಸವನ್ನಾದರೂ ಮಾಡಿ ಹೋಗಬೇಕೆಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ನನಗೆ ತಾಲೂಕು ಸಹಕಾರ್ಯದರ್ಶಿ ಹುದ್ದೆ ಬಂದದ್ದು ಒಂದು ಪತ್ರದ ಮೂಲಕ. ಪಕ್ಷದ ಚಿಹ್ನೆ, ಕೆಳಗೆ ಸಹಿ, ಮಧ್ಯೆ ಎರಡು ಸಾಲು: ‘ತಾವು ಪಕ್ಷದ ಸಂಘಟನೆಗೆ ಶ್ರಮಿಸುವಿರೆಂದು ನಂಬಿದ್ದೇವೆ.’ ಅಮ್ಮ ಅದನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದಳು. ಅದೇ ವಾರ ಪೇಟೆಯಲ್ಲಿ ಸಿಕ್ಕಿದ ಮತ್ತೊಬ್ಬ ಹುಡುಗನ ಕೈಯಲ್ಲೂ ಅಂಥದೇ ಪತ್ರವಿತ್ತು. ಅವನಿಗೂ ಸಹಕಾರ್ಯದರ್ಶಿ ಹುದ್ದೆಯೇ. ಕೆಲವು ದಿನಗಳಲ್ಲಿ ನಾವು ಏಳು ಮಂದಿ ಆದೆವು. ಯಾರಿಗೆ ಯಾವ ಪಂಚಾಯಿತಿ, ಯಾವ ವಾರ್ಡು, ಯಾವ ಕೆಲಸ ಎಂಬುದನ್ನು ಆ ಪತ್ರವೂ ಹೇಳಲಿಲ್ಲ, ಪತ್ರ ಕೊಟ್ಟವರೂ ಹೇಳಲಿಲ್ಲ. ನಮ್ಮನ್ನು ಯಾರೂ ಆರಿಸಿರಲಿಲ್ಲವಾದ್ದರಿಂದ ನಾವು ಯಾರಿಗೂ ಲೆಕ್ಕ ಕೊಡಬೇಕಾಗಿಯೂ ಇರಲಿಲ್ಲ.

ಇನ್ನೊಂದನ್ನು ಹೇಳದಿದ್ದರೆ ಮನಸ್ಸಿಗೆ ಸಮಾಧಾನವಿಲ್ಲ. ನಗರಸಭೆಯ ಚುನಾವಣೆಗೆ ವಾರ್ಡುಗಳ ಅಭ್ಯರ್ಥಿಗಳನ್ನು ತೀರ್ಮಾನಿಸುವ ಸಭೆ ನಡೆದ ದಿನ ಯುವ ಘಟಕದ ನಾವು ಹನ್ನೆರಡು ಜನ ಬೆಳಿಗ್ಗೆಯೇ ಹೋಗಿ ಕುರ್ಚಿ ಹಾಕಿದೆವು, ಫ್ಲೆಕ್ಸ್ ಕಟ್ಟಿದೆವು. ಸಭೆ ಮೇಲಿನ ಮಹಡಿಯಲ್ಲಿ ಆರಂಭವಾದಾಗ ‘ನೀವು ಊಟದ ವ್ಯವಸ್ಥೆ ನೋಡಿಕೊಳ್ಳಿ’ ಎಂದರು. ಕೆಳಗೆ ನಾವು ಎಲೆ ಹಾಕುತ್ತಿದ್ದಾಗ ಮೇಲೆ ನಮ್ಮದೇ ವಾರ್ಡಿನ ಹೆಸರು ಅಂತಿಮವಾಯಿತು. ಆ ವಾರ್ಡಿನ ಪ್ರತಿ ಮನೆಗೂ ಮೂರು ಬಾರಿ ಹೋಗಿ ಬಂದವನು ನಮ್ಮಲ್ಲೇ ಒಬ್ಬನಿದ್ದ. ಟಿಕೆಟ್ ಸಿಗಲಿಲ್ಲವೆಂಬ ದುಃಖ ಅವನಿಗಿರಲಿಲ್ಲ, ಒಂದು ಮಾತನ್ನೂ ಕೇಳಲಿಲ್ಲವೆಂಬ ದುಃಖವಿತ್ತು. ಆಮೇಲೆ ಅವನು ಗೋವಾಕ್ಕೆ ಕೆಲಸಕ್ಕೆ ಹೋದ, ಮತ್ತೆ ಸಭೆಗಳಿಗೆ ಬರಲಿಲ್ಲ.

ನನ್ನ ಪ್ರಸ್ತಾಪ ಇಷ್ಟು. ತಾಲೂಕು ಯುವ ಘಟಕದ ಅಧ್ಯಕ್ಷರನ್ನು ಆ ತಾಲೂಕಿನ ಸದಸ್ಯರೇ ಮತ ಹಾಕಿ ಆರಿಸಬೇಕು. ಹಾಗೆ ಆಯ್ಕೆಯಾದ ಅಧ್ಯಕ್ಷರಿಗೆ ಸ್ಥಳೀಯ ಸಂಸ್ಥೆಗಳ ಅಭ್ಯರ್ಥಿಗಳನ್ನು ತೀರ್ಮಾನಿಸುವ ಸಮಿತಿಯಲ್ಲಿ ಮತದ ಹಕ್ಕಿನೊಂದಿಗೆ ಸ್ಥಾನ ಇರಬೇಕು. ಈ ಚುನಾವಣೆಯನ್ನು ಜೂನ್–ಜುಲೈನಲ್ಲಿ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ 61 ದಿನಗಳ ನಿಷೇಧವಿರುವಾಗಲೇ ನಡೆಸಬೇಕು. ಬೈತಖೋಲ, ಮುದಗಾ, ಅಮದಳ್ಳಿ ಕಡೆಯ ಹುಡುಗರು ವರ್ಷದಲ್ಲಿ ಊರಲ್ಲಿ ಸಿಗುವುದು ಆಗ ಮಾತ್ರ. ಸಾಧಕ ಬಾಧಕಗಳೆರಡನ್ನೂ ದಯವಿಟ್ಟು ಬಿಡಿಸಿ ಬರೆಯಿರಿ.

ಮತಗಟ್ಟೆ ಕೆಲಸಗಾರ, ಕುಮಟಾ

ಜೂನ್–ಜುಲೈ ಎಂದದ್ದು ಬಹಳ ಸರಿಯಾಗಿದೆ. ನಾನು ಅದನ್ನು ಬೇರೊಂದು ಕಡೆಯಿಂದ ಹೇಳುತ್ತೇನೆ.

2023ರ ವಿಧಾನಸಭಾ ಚುನಾವಣೆಯಲ್ಲಿ ನಮ್ಮ ಕುಮಟಾ ಕ್ಷೇತ್ರದಲ್ಲಿ ಗೆದ್ದ ಬಿಜೆಪಿಗೂ ಎರಡನೆಯ ಸ್ಥಾನದ ಜೆಡಿಎಸ್‌ಗೂ ನಡುವಿನ ಅಂತರ ಸಾವಿರ ಮತಕ್ಕಿಂತ ಕಡಿಮೆ. ಕ್ಷೇತ್ರದಲ್ಲಿ ಇನ್ನೂರಕ್ಕೂ ಹೆಚ್ಚು ಮತಗಟ್ಟೆಗಳಿವೆ. ಹಂಚಿ ನೋಡಿದರೆ ಒಂದು ಮತಗಟ್ಟೆಯ ಪಾಲಿಗೆ ಐದು ಮತವೂ ಬರುವುದಿಲ್ಲ. ಗೆದ್ದವರ ಕಡೆಯವರೇ ಇರಲಿ ಸೋತವರ ಕಡೆಯವರೇ ಇರಲಿ, ಆ ಐದು ಮತ ಎಲ್ಲಿಂದ ಬರುತ್ತದೆ, ಎಲ್ಲಿ ತಪ್ಪಿಹೋಗುತ್ತದೆ ಎಂಬುದು ಮತಗಟ್ಟೆಯಲ್ಲಿ ಕೂತವನಿಗೆ ಮಾತ್ರ ಗೊತ್ತು.

ಮತದಾರರ ಪಟ್ಟಿಯ ಪರಿಷ್ಕರಣೆಯ ಒಂದು ಭಾನುವಾರ ನಾನು ಶಾಲೆಯ ಜಗುಲಿಯಲ್ಲಿ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಅವರ ಪಕ್ಕ ಕುಳಿತಿದ್ದೆ. ಮೀನು ಮಾರಿ ಮನೆಗೆ ಮರಳುತ್ತಿದ್ದ ಒಬ್ಬ ತಾಯಿ ಖಾಲಿ ಬುಟ್ಟಿಯನ್ನು ಮೆಟ್ಟಿಲ ಮೇಲಿಟ್ಟು, ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಪ್ಲಾಸ್ಟಿಕ್ ಚೀಲ ಬಿಚ್ಚಿ, ಮಗನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಝೆರಾಕ್ಸ್ ತೆಗೆದು ಮುಂದಿಟ್ಟರು. ಕಾಗದ ಮಡಿಕೆಯಲ್ಲಿ ಹರಿದಿತ್ತು, ಅಂಚಿಗೆ ಮೀನಿನ ನೀರು ಹತ್ತಿತ್ತು. ಮಗನಿಗೆ 18 ತುಂಬಿ ಎರಡು ವರ್ಷವಾಗಿತ್ತು, ಅವನು ಮಲ್ಪೆಯ ಬೋಟಿನಲ್ಲಿದ್ದ. ಪಟ್ಟಿಗೆ ಹೊಸದಾಗಿ ಹೆಸರು ಸೇರಿಸುವ ಫಾರಂ 6ಕ್ಕೆ ಅವನ ಸಹಿ ಬೇಕು. ‘ಅವ ಬರೂದು ಮಳೆಗಾಲಕ್ಕೇ’ ಎಂದು ಆ ತಾಯಿ ಅಂಕಪಟ್ಟಿಯನ್ನು ಮತ್ತೆ ಅದೇ ಮಡಿಕೆಯಲ್ಲಿ ಮಡಚಿ ಹೊರಟರು.

ಮಳೆಗಾಲದಲ್ಲಿ ನಾನೇ ಅವರ ಮನೆಗೆ ಹೋಗಿ ಸಹಿ ಹಾಕಿಸಿದೆ. ಅದೇ ಕೇರಿಯಲ್ಲಿ ಅಂಥವರು ಇನ್ನೂ ಒಂಬತ್ತು ಮಂದಿ ಸಿಕ್ಕಿದರು. 2022ರಿಂದ ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಹೀಗೆ 18 ತುಂಬಿರಬೇಕಾದ ಅರ್ಹತಾ ದಿನಾಂಕಗಳು ವರ್ಷಕ್ಕೆ ನಾಲ್ಕಿವೆ. 17 ದಾಟಿದವರು ಮುಂಗಡವಾಗಿಯೇ ಅರ್ಜಿ ಕೊಡಬಹುದು. ಮಾನ್ಯತೆ ಪಡೆದ ಪ್ರತಿ ಪಕ್ಷವೂ ಮತಗಟ್ಟೆಗೊಬ್ಬ ಬಿಎಲ್‌ಎಯನ್ನು, ಎಂದರೆ ಮತಗಟ್ಟೆ ಮಟ್ಟದ ಏಜೆಂಟನನ್ನು, ನೇಮಿಸಬಹುದು. ಕರಾವಳಿಯಲ್ಲಿ ಈ ಹೊಣೆಯನ್ನು ಯುವ ಘಟಕಕ್ಕೇ ವಹಿಸಿದರೆ ಹುಡುಗರಿಗೆ ಹೇಳಿಕೊಳ್ಳಲು ಒಂದು ಕೆಲಸವಾಗುತ್ತದೆ. ನಮ್ಮಲ್ಲಿ ಬಿಎಲ್‌ಎ ಪಟ್ಟಿಯಲ್ಲಿರುವ ಹೆಚ್ಚಿನ ಹೆಸರುಗಳು ಹಿಂದಿನ ಚುನಾವಣೆಯ ಪಟ್ಟಿಯಿಂದ ಹಾಗೆಯೇ ಇಳಿಸಿಕೊಂಡವು.

ಅಧ್ಯಕ್ಷರ ಆಯ್ಕೆಯ ಮತ ಕೂಡ ಇಂಥ ಕೆಲಸ ಮಾಡಿದವರ ಕೈಯಲ್ಲಿರಲಿ ಎಂಬುದು ನನ್ನ ತಿದ್ದುಪಡಿ. ಸದಸ್ಯತ್ವದ ರಸೀದಿ ಇದ್ದವರಿಗೆಲ್ಲ ಮತ ಕೊಟ್ಟರೆ ಏನಾಗುತ್ತದೆ ಎಂಬ ಅಳುಕು ನನಗಿದೆ.

ಹಳೆಯ ಕಾರ್ಯಕರ್ತ, ಸಿದ್ದಾಪುರ

ತಮ್ಮಂದಿರಿಬ್ಬರ ಬರಹವನ್ನೂ ಎರಡು ಬಾರಿ ಓದಿದೆ. ನಾನು 1983ರ ಚುನಾವಣೆಯಲ್ಲಿ ಸೈಕಲ್ ಮೇಲೆ ಪ್ರಚಾರ ಮಾಡಿದವನು. ಆಗ ನನಗೆ 22. ನಮ್ಮ ದೊಡ್ಮನೆಯ ರಾಮಕೃಷ್ಣ ಹೆಗಡೆಯವರು ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರದ ಮುಖ್ಯಮಂತ್ರಿಯಾದ ವರ್ಷ ಅದು.

ನಮಗೂ ಆಗ ಕುರ್ಚಿ ಹಾಕುವ ಕೆಲಸವೇ ಇತ್ತು, ಅದರಲ್ಲಿ ಕೊರಗುವಂಥದ್ದೇನೂ ಇಲ್ಲ. ಆದರೆ ಕುರ್ಚಿ ಹಾಕಿದ ಹುಡುಗನಿಗೆ ಮುಂದೆ ಹತ್ತಲು ಒಂದು ಮೆಟ್ಟಿಲಿತ್ತು. ಅಬ್ದುಲ್ ನಜೀರ್ ಸಾಬ್ ಅವರು ಮಂತ್ರಿಯಾಗಿದ್ದಾಗ ರೂಪಿಸಿದ ಪಂಚಾಯತ್ ಕಾಯ್ದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದಾಗ, ಶೇ 25ರಷ್ಟು ಸ್ಥಾನ ಮಹಿಳೆಯರಿಗೆಂದು ಮೀಸಲಾಗಿತ್ತು. ಪ್ರತಿ ಊರಿನಲ್ಲೂ ಅಭ್ಯರ್ಥಿಗಳನ್ನು ಹುಡುಕಬೇಕಾಯಿತು. ಪಕ್ಷದ ಹಿರಿಯರು ಹುಡುಗರ ಮನೆ ಬಾಗಿಲಿಗೆ ಬಂದು ‘ನಿಲ್ಲುತ್ತೀಯಾ?’ ಎಂದು ಕೇಳಿದರು. ನನ್ನನ್ನೂ ಕೇಳಿದರು. ನಿಂತೆ, ಗೆದ್ದೆ. ರಸ್ತೆಗೆ ಮೋರಿ ಹಾಕಿಸುವುದು ಹೇಗೆ, ಅಂದಾಜುಪಟ್ಟಿ ಓದುವುದು ಹೇಗೆ, ಎದುರು ಪಕ್ಷದವನೊಡನೆ ಕೂತು ನಿರ್ಣಯ ಬರೆಯುವುದು ಹೇಗೆ ಎಂಬುದನ್ನೆಲ್ಲ ಅಲ್ಲಿಯೇ ಕಲಿತದ್ದು.

ಈಗ ನೋಡಿ. ವಿಧಾನಸಭೆಗೆ ನಿಲ್ಲಲು 25 ವರ್ಷವಾಗಿರಬೇಕು; ಪಂಚಾಯಿತಿಗೆ 21 ಸಾಕು. ಆ ನಾಲ್ಕು ವರ್ಷಗಳ ಶಾಲೆ ಎಂದರೆ ಪಂಚಾಯಿತಿಗಳೇ. ಗ್ರಾಮ ಪಂಚಾಯಿತಿಯಲ್ಲಿ ಪಕ್ಷದ ಚಿಹ್ನೆ ಇಲ್ಲ. ಚಿಹ್ನೆಯ ಮೇಲೆ ನಡೆಯುವ ತಾಲೂಕು ಮತ್ತು ಜಿಲ್ಲಾ ಪಂಚಾಯಿತಿ ಚುನಾವಣೆ 2016ರಲ್ಲಿ ನಡೆದದ್ದು. ಆ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಪಟ್ಟಿ, ನ್ಯಾಯಾಲಯ ಎಂದು ವರ್ಷಗಳೇ ಉರುಳಿದವು. 2016ರಲ್ಲಿ 20 ತುಂಬಿ, ಒಂದೇ ವರ್ಷದ ಕೊರತೆಯಿಂದ ನಿಲ್ಲಲಾಗದೆ ‘ಮುಂದಿನ ಬಾರಿ’ ಎಂದುಕೊಂಡ ಹುಡುಗ ಅಥವಾ ಹುಡುಗಿ ಆ ಮುಂದಿನ ಬಾರಿಗಾಗಿ ಕಾಯುತ್ತಲೇ ಮೂವತ್ತರ ಹೊಸ್ತಿಲಿಗೆ ಬಂದರು. ಯುವ ಘಟಕ ಸೊರಗಲು ಪಕ್ಷದ ಒಳಗಿನ ಕಾರಣಗಳಷ್ಟೇ ಇದೂ ಕಾರಣ. ಹಾಗಾಗಿ ನಿಮ್ಮ ಬೇಡಿಕೆಯಲ್ಲಿ ಇದನ್ನೂ ಸೇರಿಸಿ: ಈ ಚುನಾವಣೆಗಳು ಕಾಲಕಾಲಕ್ಕೆ ನಡೆಯಬೇಕೆಂದು ಎಲ್ಲ ಪಕ್ಷಗಳ ಯುವ ಘಟಕಗಳೂ ಒಟ್ಟಾಗಿ ಕೇಳಬೇಕು.

ಆಂತರಿಕ ಚುನಾವಣೆಯ ಬಗ್ಗೆ ಮಾತ್ರ ನನಗೆ ಹೆದರಿಕೆ ಇದೆ. ಯುವ ಕಾಂಗ್ರೆಸ್ ಸುಮಾರು 2008ರಿಂದ ಪದಾಧಿಕಾರಿಗಳನ್ನು ಸದಸ್ಯರ ಮತದಿಂದಲೇ ಆರಿಸುವ ಪದ್ಧತಿ ತಂದಿತು. ಮಾಜಿ ಮುಖ್ಯ ಚುನಾವಣಾ ಆಯುಕ್ತ ಲಿಂಗ್ಡೊ ಅವರಂಥವರ ನೆರವನ್ನೂ ಪಡೆಯಿತು. ಉದ್ದೇಶ ಒಳ್ಳೆಯದೇ. ಆದರೆ ಸದಸ್ಯತ್ವವೇ ಮತವಾದಾಗ, ಹೆಚ್ಚು ಸದಸ್ಯತ್ವ ಮಾಡಿಸುವ ಶಕ್ತಿ ಇದ್ದವರಿಗೆ, ಎಂದರೆ ದೊಡ್ಡ ಮನೆತನದ ಮಕ್ಕಳಿಗೆ, ಅದು ಅನುಕೂಲವಾಯಿತು ಎಂಬ ದೂರು ಹಲವು ರಾಜ್ಯಗಳಲ್ಲಿ ಕೇಳಿಬಂತು. ಕರ್ನಾಟಕದಲ್ಲಿ 2021ರ ಫಲಿತಾಂಶದ ನಂತರ ಅಧ್ಯಕ್ಷರು ಯಾರೆಂಬ ತಕರಾರೆದ್ದು, ಕೊನೆಗೆ ಅವಧಿಯನ್ನು ಇಬ್ಬರಿಗೆ ಹಂಚಲಾಯಿತು. ನಾನು ಯಾರನ್ನೂ ದೂಷಿಸುತ್ತಿಲ್ಲ. ಒಂದು ರಾಷ್ಟ್ರೀಯ ಪಕ್ಷ ಅಷ್ಟು ವ್ಯವಸ್ಥೆ ಮಾಡಿಕೊಂಡೂ ಇಷ್ಟು ಕಷ್ಟಪಟ್ಟಿತೆಂದರೆ, ನಮ್ಮಂಥ ಚಿಕ್ಕ ಪಕ್ಷ ಇನ್ನಷ್ಟು ಎಚ್ಚರದಿಂದ ಹೆಜ್ಜೆ ಇಡಬೇಕು.

ತೋಟದ ಮನೆ, ಶಿರಸಿ

ಜೂನ್–ಜುಲೈ ಕರಾವಳಿಗೆ ಅನುಕೂಲ, ಘಟ್ಟದ ಮೇಲಿನವರಿಗೆ ಅಲ್ಲ. ನಮಗೆ ಅದು ಅಡಿಕೆಗೆ ಔಷಧಿ ಹೊಡೆಯುವ ಕಾಲ. ಮಳೆ ಬಿಡುವು ಕೊಟ್ಟ ದಿನ ಸಭೆಗೆ ಹೋದರೆ ಕೊಳೆರೋಗ ಬಂದು ಕೂರುತ್ತದೆ. ಕಾರವಾರದಲ್ಲಿ ಜಿಲ್ಲಾ ಸಭೆ ಎಂದರೆ ನಮಗೆ ಹೋಗಿ ಬರಲು ಇಡೀ ದಿನ ಬೇಕು. ದೇವಿಮನೆ ಘಾಟಿಯನ್ನು ಕಾಮಗಾರಿಗಾಗಿ ಮುಚ್ಚಿದ್ದಾಗಲಂತೂ ಸುತ್ತು ಹಾಕಿ ಬರುವಷ್ಟರಲ್ಲಿ ಸಭೆಯೇ ಮುಗಿದಿರುತ್ತಿತ್ತು. ತಾಲೂಕು ತಾಲೂಕಿಗೆ ಬೇರೆ ತಿಂಗಳು ಇಡಬಾರದೇಕೆ?

ನನ್ನ ಪಂಚಾಯಿತಿಯಲ್ಲಿ ಯುವ ಘಟಕಕ್ಕೆ ಸೇರುವ ವಯಸ್ಸಿನವರಲ್ಲಿ ಹೆಚ್ಚಿನವರು ಬೆಂಗಳೂರಿನಲ್ಲಿದ್ದಾರೆ. ಹಬ್ಬಕ್ಕೆ ಬಂದಾಗ ಸದಸ್ಯತ್ವದ ಫಾರಂಗೆ ಸಹಿ ಹಾಕುತ್ತಾರೆ. ಅವರಿಗೆ ಊರಿನ ಅಧ್ಯಕ್ಷರನ್ನು ಆರಿಸುವ ಮತ ಇರಬೇಕೋ ಬೇಡವೋ ಎಂಬುದನ್ನು ಮೊದಲೇ ಸ್ಪಷ್ಟಪಡಿಸಬೇಕು. ನನ್ನ ಮಟ್ಟಿಗೆ ಬೇಡ.

ಕಾರ್ಯಕರ್ತೆ, ಅಂಕೋಲಾ

ಇಷ್ಟು ಹೊತ್ತು ಎಲ್ಲರೂ ‘ಹುಡುಗರು’ ಎಂದೇ ಬರೆದಿದ್ದೀರಿ, ಸಿದ್ದಾಪುರದ ಹಿರಿಯರೊಬ್ಬರೇ ಒಮ್ಮೆ ‘ಹುಡುಗಿ’ ಎಂದಿದ್ದಾರೆ. ಆಕ್ಷೇಪವೆಂದು ತಿಳಿಯಬೇಡಿ, ಗಮನಕ್ಕೆ ತರುತ್ತಿದ್ದೇನೆ.

ನನಗೆ 26 ವರ್ಷ. ಪಕ್ಷಕ್ಕೆ ಸೇರಿದ ತಿಂಗಳೇ ಯುವ ಘಟಕದಲ್ಲೂ ಮಹಿಳಾ ಘಟಕದಲ್ಲೂ ಒಟ್ಟಿಗೆ ಹುದ್ದೆ ಕೊಟ್ಟರು, ಏಕೆಂದರೆ ಎರಡು ಪಟ್ಟಿಯಲ್ಲೂ ಒಂದೊಂದು ಹೆಸರು ಬೇಕಾಗಿತ್ತು. ಯುವ ಘಟಕದ ಸಭೆ ಸಂಜೆ ಏಳೂವರೆಗೆ ಆರಂಭವಾಗುತ್ತದೆ. ನಮ್ಮೂರಿಗೆ ಕೊನೆಯ ಬಸ್ಸು ಎಂಟಕ್ಕೆ. ಬೆಳಿಗ್ಗೆ ಹತ್ತಕ್ಕೆ ಇಟ್ಟುಕೊಳ್ಳಿ ಎಂದು ಮೂರು ಬಾರಿ ಕೇಳಿದೆ. ‘ಮುಂದಿನ ಸಲ ನೋಡೋಣ ತಂಗಿ’ ಎಂದರು. ರಾಜ್ಯ ನಾಯಕರು ಬಂದ ದಿನ ಮಾತ್ರ ಮನೆಗೆ ಕಾರು ಬಂತು. ಆರತಿ ತಟ್ಟೆ ಹಿಡಿಯಲು, ಹೂಗುಚ್ಛ ಕೊಡಲು ನಾವು ಬೇಕಾಗಿತ್ತು. ಅಂದು ವೇದಿಕೆಯ ಮೇಲೆ 14 ಕುರ್ಚಿಗಳಿದ್ದವು, ಅವುಗಳಲ್ಲಿ ಒಂದರಲ್ಲೂ ನಮ್ಮಲ್ಲಿ ಯಾರೂ ಕೂರಲಿಲ್ಲ.

ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲಾಗಿದೆ. ಮೀಸಲು ಪಟ್ಟಿ ಬಂದ ಮೇಲೆ ಪಕ್ಷದವರು ತರಾತುರಿಯಲ್ಲಿ ಯಾರದೋ ಹೆಂಡತಿಯನ್ನು, ಯಾರದೋ ತಾಯಿಯನ್ನು ಹುಡುಕಿ ನಿಲ್ಲಿಸುತ್ತಾರೆ. ಐದು ವರ್ಷ ಯುವ ಘಟಕದಲ್ಲಿ ಕೆಲಸ ಕಲಿತ ಹೆಣ್ಣುಮಕ್ಕಳಿದ್ದರೆ ಆ ಹುಡುಕಾಟ ಬೇಕಾಗುವುದಿಲ್ಲ. ಆದ್ದರಿಂದ ಮೂರು ಮಾತು ಕೇಳುತ್ತೇನೆ. ಯುವ ಘಟಕದ ತಾಲೂಕು ಸಮಿತಿಯಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳಿರಲಿ, ಸಭೆಗಳು ಹಗಲಿನಲ್ಲಿ ನಡೆಯಲಿ, ಒಬ್ಬರನ್ನು ಎರಡು ಘಟಕಗಳ ಪಟ್ಟಿಯಲ್ಲಿ ಎಣಿಸುವುದು ನಿಲ್ಲಲಿ.

ಜೋಯಿಡಾ

ಮೊಬೈಲ್ ಆ್ಯಪ್‌ನಲ್ಲಿ ಮತದಾನ ಎಂದು ಯಾರಾದರೂ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ: ನಮ್ಮಲ್ಲಿ ಸಾಧ್ಯವಿಲ್ಲ. ಕಳೆದ ಸದಸ್ಯತ್ವ ಅಭಿಯಾನದಲ್ಲಿ ಒಟಿಪಿ ಬರಲೆಂದು ನಾವು ಗುಡ್ಡ ಹತ್ತಿ ಕೂತಿದ್ದೆವು. ಕಾಗದದ ಮತಪತ್ರ, ಸಂತೆಯ ದಿನ, ತಾಲೂಕಿನಲ್ಲಿ ಎರಡು ಮೂರು ಕಡೆ ಪೆಟ್ಟಿಗೆ. ಇಷ್ಟಾದರೆ ನಮ್ಮವರು ಬರುತ್ತಾರೆ.

ಪದವಿ ವಿದ್ಯಾರ್ಥಿ, ಕಾರವಾರ

ನಾನು ಯಾವ ಪಕ್ಷದ ಸದಸ್ಯನೂ ಅಲ್ಲ. ಸೇರದಿರಲು ಕಾರಣವನ್ನು ಹೇಳಿದರೆ ನಿಮಗೆ ಉಪಯೋಗವಾದೀತು.

ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ನೇರ ಚುನಾವಣೆಗಳು ಎಂಬತ್ತರ ದಶಕದ ಕೊನೆಯಲ್ಲೇ ನಿಂತುಹೋದವು. ನನ್ನ ಓರಗೆಯವರಿಗೆ ಮತ ಕೇಳುವುದು, ಸೋಲುವುದು, ಸೋತ ಮೇಲೂ ಜೊತೆಯಲ್ಲಿ ಕೆಲಸ ಮಾಡುವುದು ಯಾವುದರ ಅಭ್ಯಾಸವೂ ಇಲ್ಲ. ಆದರೆ ಸಾರ್ವಜನಿಕ ಕೆಲಸದ ಆಸಕ್ತಿ ಇಲ್ಲವೆಂದು ತಿಳಿಯಬೇಡಿ. ನಮ್ಮ ಜಿಲ್ಲೆಗೆ ಒಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಅಭಿಯಾನ 2019ರಲ್ಲಿ ಸಾಮಾಜಿಕ ಜಾಲತಾಣದಲ್ಲಿ ಎದ್ದಾಗ, 2022ರ ಜುಲೈನಲ್ಲಿ ಶಿರೂರು ಟೋಲ್‌ಗೇಟಿನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಅಪಘಾತವಾದ ಮೇಲೆ ಅದು ಮತ್ತೆ ಎದ್ದಾಗ, ಮುಂದೆ ನಿಂತವರಲ್ಲಿ ಬಹುಪಾಲು ಜನ ಯುವಕ ಯುವತಿಯರೇ. ಕಾರವಾರದಲ್ಲಿ 2016ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾಗಿದ್ದರೂ, ತಲೆಗೆ ಪೆಟ್ಟಾದವರನ್ನು ಇಂದಿಗೂ ಗೋವಾಕ್ಕೋ ಮಣಿಪಾಲಕ್ಕೋ ಹುಬ್ಬಳ್ಳಿಗೋ ಒಯ್ಯುವ ಪರಿಸ್ಥಿತಿ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ನನ್ನ ಚಿಕ್ಕಪ್ಪನನ್ನು ಒಯ್ಯುವಾಗ ನಾನೂ ಆಂಬುಲೆನ್ಸಿನಲ್ಲಿದ್ದೆ.

ಆ ಅಭಿಯಾನದಲ್ಲಿ ಒಂದು ಪಕ್ಷದ ಯುವ ಘಟಕದ ಅಣ್ಣಂದಿರು ಮೊದಲು ನಮ್ಮ ಜೊತೆಗಿದ್ದರು. ಆಮೇಲೆ ಮೇಲಿನಿಂದ ಸೂಚನೆ ಬಂದಿದೆ ಎಂದು ಹಿಂದೆ ಸರಿದರು. ಅವರ ಮುಖದಲ್ಲಿ ಸಂಕಟ ಕಾಣುತ್ತಿತ್ತು. ನೀವು ಅಧ್ಯಕ್ಷರನ್ನು ಚುನಾವಣೆಯಿಂದ ಆರಿಸಿದರೂ, ಜಿಲ್ಲೆಯ ವಿಷಯದಲ್ಲಿ ಸ್ವಂತ ನಿಲುವು ತೆಗೆದುಕೊಳ್ಳುವ ಅಧಿಕಾರ ಅವರಿಗೆ ಇರುತ್ತದೆಯೇ? ಇದ್ದರೆ ನಾನೂ ನನ್ನ ಗೆಳೆಯರೂ ಫಾರಂ ತುಂಬುತ್ತೇವೆ.

ಹಳೆಯ ಕಾರ್ಯಕರ್ತ, ಸಿದ್ದಾಪುರ

ಈ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರಿಸದೆ ಮುಂದೆ ಹೋಗಬಾರದು.

ಬೇರೆ ರಾಜ್ಯಗಳ ಪಕ್ಷಗಳನ್ನು ನೋಡಿ. ಅಸ್ಸಾಂನಲ್ಲಿ ವಿದ್ಯಾರ್ಥಿ ಚಳವಳಿಯೇ 1985ರಲ್ಲಿ ಅಸ್ಸಾಂ ಗಣ ಪರಿಷತ್ ಎಂಬ ಪಕ್ಷವಾಗಿ, ಅದೇ ವರ್ಷ ಅಧಿಕಾರಕ್ಕೂ ಬಂತು. ಅಲ್ಲಿ ಯುವಕರು ಘಟಕವಾಗಿರಲಿಲ್ಲ, ಪಕ್ಷವೇ ಅವರದಾಗಿತ್ತು. ತಮಿಳುನಾಡಿನ ಡಿಎಂಕೆ 1980ರಲ್ಲಿ ಯುವ ಘಟಕ ಆರಂಭಿಸಿತು. ಚೆನ್ನೈಯಲ್ಲಿ ಆ ಘಟಕಕ್ಕೆ ‘ಅನ್ಬಗಂ’ ಎಂಬ ಸ್ವಂತ ಕಚೇರಿಯೇ ಇದೆ. ಅದರ ಕಾರ್ಯದರ್ಶಿಯಾಗಿದ್ದ ಸ್ಟಾಲಿನ್ ಮುಂದೆ ಮುಖ್ಯಮಂತ್ರಿಯಾದರು. ಅವರು ಕರುಣಾನಿಧಿಯವರ ಮಗ, ಈಗ ಅವರ ಮಗನೂ ಅದೇ ಹಾದಿಯಲ್ಲಿದ್ದಾರೆ. ರಾಜ್ಯ ಪಕ್ಷಗಳಲ್ಲಿ ಇದು ಎಲ್ಲೆಡೆ ಇರುವ ತೊಡಕು, ನಮ್ಮ ರಾಜ್ಯವೂ ಹೊರತಲ್ಲ. ಆದರೂ ಸ್ವಂತ ಕಚೇರಿ, ಹಣ, ಕಾರ್ಯಕ್ರಮ ಇದ್ದ ಘಟಕ ಪಕ್ಷದೊಳಗೆ ತೂಕ ಪಡೆಯಿತೆಂಬುದೂ ನಿಜವೇ. ನಮ್ಮ ತಾಲೂಕು ಘಟಕಗಳಿಗೆ ಒಂದು ಲೆಕ್ಕಪುಸ್ತಕವೂ ಇಲ್ಲ. ಬಾವುಟಕ್ಕೂ ಹಿರಿಯರ ಜೇಬನ್ನೇ ನೋಡಬೇಕಾದವನು ಆಸ್ಪತ್ರೆಯ ವಿಷಯದಲ್ಲಿ ಹಿರಿಯರಿಗೆ ಎದುರಾಡುವುದು ಎಲ್ಲಿಂದ? ಸದಸ್ಯತ್ವ ಶುಲ್ಕದಲ್ಲಿ ಒಂದು ಪಾಲು ತಾಲೂಕಿನಲ್ಲೇ ಉಳಿಯಲಿ, ಅದರ ಲೆಕ್ಕವನ್ನು ವರ್ಷಕ್ಕೊಮ್ಮೆ ಸದಸ್ಯರ ಮುಂದೆ ಓದಲಿ.

ಕಾಳಿ ದಂಡೆ, ಕಾರವಾರ

ಎಲ್ಲರಿಗೂ ಕೃತಜ್ಞತೆಗಳು. ನಾನು ಬರೆದದ್ದರಲ್ಲಿ ಎರಡು ಕಡೆ ತಪ್ಪಿದ್ದೇನೆ.

ಸದಸ್ಯರೆಲ್ಲರಿಗೂ ಮತ ಎಂದದ್ದು ಮೊದಲ ತಪ್ಪು. ಕುಮಟಾದವರೂ ಸಿದ್ದಾಪುರದ ಹಿರಿಯರೂ ಹೇಳಿದ ಮೇಲೆ ಯೋಚಿಸಿ ನೋಡಿದೆ. ನಮ್ಮ ತಾಲೂಕಿನಲ್ಲೇ ಒಬ್ಬರು ಒಂದೇ ವಾರದಲ್ಲಿ ಆರು ನೂರು ರಸೀದಿ ಹರಿಯಬಲ್ಲರು. ನಮ್ಮಲ್ಲಿ ದಡದಿಂದ ರಂಪಣಿ ಬಲೆ ಎಳೆಯುವಾಗ ಹಗ್ಗಕ್ಕೆ ಕೈ ಹಾಕಿದವರಿಗೇ ಪಾಲು. ಕನಿಷ್ಠ ಒಂದು ವರ್ಷ ಯಾವುದಾದರೂ ಮತಗಟ್ಟೆಯ ಹೊಣೆ ಹೊತ್ತವರಿಗೆ ಮಾತ್ರ ಮತ, ಅದನ್ನು ಆ ಊರಿನ ಸಭೆಯೇ ದೃಢಪಡಿಸಬೇಕು ಎಂದು ಬದಲಿಸಿದ್ದೇನೆ. ಊರಲ್ಲಿಲ್ಲದವರ ಪ್ರಶ್ನೆಗೂ ಇದರಲ್ಲೇ ಉತ್ತರವಿದೆ.

ಅಂಕೋಲೆಯ ಸಹೋದರಿ ಬರೆದದ್ದು ನನ್ನ ಗಮನಕ್ಕೇ ಬಂದಿರಲಿಲ್ಲವೆಂಬುದು ಎರಡನೆಯ ತಪ್ಪು, ಇದು ದೊಡ್ಡದು. ಊಟಕ್ಕೆ ಎಲೆ ಹಾಕಿದ ನೋವನ್ನು ಆರು ವರ್ಷ ಹೊತ್ತು ತಿರುಗಿದ ನಾನೇ ಸಂಜೆ ಏಳೂವರೆಯ ಸಭೆಗಳಿಗೆ ನೋಟಿಸು ಬರೆದವನು. ಸಮಿತಿಯಲ್ಲಿ ಅರ್ಧದಷ್ಟು ಸ್ಥಾನ ಮತ್ತು ಹಗಲು ಸಭೆ ಎಂಬುದನ್ನು ಮೊದಲ ಅಂಶವಾಗಿ ಸೇರಿಸಿದ್ದೇನೆ. ತಿಂಗಳು ತಾಲೂಕಿಗೆ ಬಿಟ್ಟದ್ದು; ಕರಾವಳಿಯವರು ಜುಲೈನಲ್ಲಿ, ಘಟ್ಟದವರು ಅಡಿಕೆಯ ಕೊನೆಕೊಯ್ಲು ಮುಗಿಸಿ ಫೆಬ್ರುವರಿಯಲ್ಲಿ. ಜೋಯಿಡಾಕ್ಕೆ ಕಾಗದದ ಮತಪತ್ರ.

ವಿದ್ಯಾರ್ಥಿ ತಮ್ಮನಿಗೆ ಪ್ರಾಮಾಣಿಕ ಉತ್ತರ: ಜಿಲ್ಲೆಯ ವಿಷಯದಲ್ಲಿ ಸ್ವಂತ ನಿಲುವಿನ ಅಧಿಕಾರವನ್ನು ಪಕ್ಷ ಬರೆದುಕೊಡುತ್ತದೆಂಬ ಭರವಸೆ ನನಗಿಲ್ಲ. ಕೇಳುತ್ತೇವೆ. ಆಸ್ಪತ್ರೆಯ ಅಭಿಯಾನ ಮತ್ತೆ ಆರಂಭವಾದರೆ ನಾನು ಹುದ್ದೆಯ ಹಂಗಿಲ್ಲದೆ ಬರುತ್ತೇನೆ. ಹಿಂದೆ ಸರಿದವರಲ್ಲಿ ನಾನೂ ಒಬ್ಬ.

ಕರಡು ಮೂರು ಪುಟವಾಗಿದೆ. ಮುಂದಿನ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕುಮಟಾ ಬಸ್ ನಿಲ್ದಾಣದ ಹತ್ತಿರ ಸೇರೋಣ, ಘಟ್ಟದವರಿಗೂ ಕರಾವಳಿಯವರಿಗೂ ಅದು ನಡುವೆ ಆಗುತ್ತದೆ. ಜಿಲ್ಲಾ ಸಮಿತಿಗೆ ಕೊಡುವ ಪ್ರತಿಗೆ ಎಲ್ಲ ತಾಲೂಕುಗಳವರ ಸಹಿ ಇರಲಿ.

ಕಾರ್ಯಕರ್ತೆ, ಅಂಕೋಲಾ

ಬರುತ್ತೇನೆ. ಜೊತೆಗೆ ಇನ್ನೂ ನಾಲ್ವರನ್ನು ಕರೆತರುತ್ತೇನೆ. ಹತ್ತಕ್ಕೆ ಎಂದರೆ ಹತ್ತಕ್ಕೇ ಆರಂಭಿಸಿ, ಮಧ್ಯಾಹ್ನದ ಬಸ್ಸಿಗೆ ನಾವು ಮರಳಬೇಕು.